ಐದನೇ ಗಾಡಿ

ಮುಖ ನೋಡಿ ಗಾಡಿ ನಿಲ್ಲಿಸಬಾರದು ಎಂದು ನಮಗೆ ಪಾಠ ಹೇಳಲು ಬಂದ ಸಾಹೇಬರು ಒಂದೂವರೆ ಗಂಟೆಯಲ್ಲಿ ಒಂದು ಸಲವೂ ನಮ್ಮ ಮುಖ ನೋಡಲಿಲ್ಲ. ನರಸಿಂಹರಾಜಪುರದ ಒಂದು ಸಭಾಭವನ. ಮೇಲೆ ಕಿರ್ರೆನ್ನುವ ಫ್ಯಾನು, ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂರು ತಾಲ್ಲೂಕಿನ ಪೊಲೀಸರು, ನಮ್ಮಂಥ ಹೋಂಗಾರ್ಡುಗಳು, ಬೇರೆ ಬೇರೆ ಇಲಾಖೆಯಿಂದ ಚುನಾವಣೆ ಕೆಲಸಕ್ಕೆ ಹಿಡಿದು ತಂದ ನೌಕರರು. ಸಾಹೇಬರು ಗೋಡೆಯ ಮೇಲೆ ಬೀಳುತ್ತಿದ್ದ ಅಕ್ಷರಗಳನ್ನೇ ನೋಡಿಕೊಂಡು ಓದಿದರು. ಗಡ್ಡ ನೋಡಿ ನಿಲ್ಲಿಸಬಾರದು. ಬಟ್ಟೆ ನೋಡಿ ನಿಲ್ಲಿಸಬಾರದು. ಮಾತಿನ ಧಾಟಿ ಕೇಳಿ ನಿಲ್ಲಿಸಬಾರದು. 'ಬಾಂಗ್ಲಾದವರು' ಎನ್ನಬಾರದು, 'ಅಂತರರಾಜ್ಯ ವಲಸೆ ಕಾರ್ಮಿಕರು' ಎನ್ನಬೇಕು. ನನ್ನ ಪಕ್ಕ ಕೂತಿದ್ದ ಪೇದೆ, ಬೇಗಾರಿನ ಕಡೆಯವನು, ಕಿವಿಯ ಹತ್ತಿರ ಬಾಗಿ, "ಅಷ್ಟುದ್ದ ಹೇಳೋದ್ರೊಳಗೆ ಗಾಡಿ ಕೊಪ್ಪ ದಾಟಿರ್ತದೆ ಅಕ್ಕ" ಎಂದ. ನನಗೆ ನಗು ಬಂತು. ಸಾಹೇಬರು ಆಗಲೂ ಈ ಕಡೆ ತಿರುಗಲಿಲ್ಲ.

ನಾನು ಹೋಂಗಾರ್ಡ್ ಸೇರಿ ಹದಿನೆಂಟು ವರ್ಷವಾಯಿತು. ಉಳಿದ ದಿನಗಳಲ್ಲಿ ಕಮ್ಮರಡಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಸಣ್ಣ ಮಳಿಗೆಯಲ್ಲಿ ಹೊಲಿಗೆ ಮಾಡುತ್ತೇನೆ. ಚುನಾವಣೆ ಬಂದರೆ, ಶೃಂಗೇರಿಗೆ ದೊಡ್ಡವರು ಯಾರಾದರೂ ಬಂದರೆ ಫೋನು ಬರುತ್ತದೆ. ಮಿಷನ್ನಿಗೆ ಬಟ್ಟೆ ಮುಚ್ಚಿ, ಖಾಕಿ ಹಾಕಿಕೊಂಡು ಹೋಗಿ ರಸ್ತೆಯಲ್ಲಿ ನಿಲ್ಲುತ್ತೇನೆ. ಹೆಂಗಸರ ಸಾಮಾನು ನೋಡಲು ಹೆಂಗಸೇ ಬೇಕಲ್ಲ, ಅದಕ್ಕೆ ನಾನು. ಮೊದಲೆಲ್ಲ ಆ ಖಾಕಿ ಹಾಕಿಕೊಂಡರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಈಗ ಯಾವಾಗ ಬಿಚ್ಚುತ್ತೇನೋ ಎನ್ನಿಸುತ್ತದೆ.

ಆ ಪಾಠಕ್ಕೆ ಕಾರಣ ನಮ್ಮದೇ ಪೋಸ್ಟು. ಚುನಾವಣೆ ಘೋಷಣೆಯಾದ ಮೇಲೆ ಕಮ್ಮರಡಿ ಕಡೆಯಿಂದ ಕೊಪ್ಪಕ್ಕೆ ಬರುವ ರಸ್ತೆಯ ಒಂದು ತಿರುವಿನಲ್ಲಿ ಎರಡು ಕಬ್ಬಿಣದ ಅಡ್ಡಗಟ್ಟು, ಒಂದು ಶಾಮಿಯಾನ, ಒಂದು ಮೇಜು ಹಾಕಿ ನಮ್ಮನ್ನು ಕೂರಿಸಿದ್ದರು. ಎರಡನೇ ದಿನವೇ ಶೃಂಗೇರಿಗೆ ಹೋಗಿ ವಾಪಸು ಬರುತ್ತಿದ್ದ ಒಬ್ಬ ಕಾಲೇಜು ಮೇಷ್ಟ್ರನ್ನು ನಮ್ಮ ಬೇಗಾರಿನ ಪೇದೆ ತಡೆದ. ಗಡ್ಡ ಬಿಟ್ಟವರು, ಜೊತೆಗೆ ಹೆಂಡತಿ. "ನನ್ನ ಮುಂದೆ ಹೋದ ಮೂರು ಕಾರು ಬಿಟ್ರಿ, ನನ್ನನ್ನೇ ಯಾಕೆ ನಿಲ್ಸಿದ್ರಿ?" ಎಂದು ಅವರು ಕೇಳಿದರು. ಇವನು, "ಮುಖ ನೋಡಿದ್ರೆ ಗೊತ್ತಾಗ್ತದೆ ಬಿಡಿ ಮಾರಾಯ್ರೆ" ಎಂದುಬಿಟ್ಟ. ಅವರ ಹೆಂಡತಿ ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದಿದ್ದಳು. ಸಂಜೆಯೊಳಗೆ ಊರೆಲ್ಲ ಅದೇ. ನನ್ನ ಬೆನ್ನೂ ಜಡೆಯೂ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತಂತೆ. ಸೀತೂರಿನ ನನ್ನ ತವರಿನಿಂದ ಅತ್ತಿಗೆ ಫೋನು ಮಾಡಿ, "ಎಂತ ಮಾರಾಯ್ತಿ, ಜಡೆ ಇಷ್ಟು ತೆಳ್ಳಗಾಗಿದೆ" ಎಂದಳು. ಅವಳಿಗೆ ಕಂಡಿದ್ದು ಅಷ್ಟೇ.

ಆಮೇಲೆ ಶುರುವಾಯಿತು ನೋಡಿ ವಾದ. ನನ್ನ ಗಂಡ ಬಸ್ಸು ಓಡಿಸಿ ನಿವೃತ್ತರಾದವರು, ಮನೆಯಲ್ಲಿ ಕೂತು ಟೀವಿಯ ಎಲ್ಲ ಚರ್ಚೆಗೂ ಉತ್ತರ ಕೊಡುವವರು. "ಮುಖ ನೋಡದೆ ಮತ್ತೆಂತ, ಟಯರ್ ನೋಡಿ ನಿಲ್ಲಿಸ್ತಾರಾ? ಮೂವತ್ತು ವರ್ಷ ಮುಖ ನೋಡೇ ಹೇಳ್ತಿದ್ದೆ, ಯಾವನು ಟಿಕೆಟ್ ತಗಳ್ದೆ ಹಿಂದೆ ಕೂತಿದಾನೆ ಅಂತ" ಎಂದರು. ಅದೇ ದಿನ ರವಿಕೆ ಕೊಡಲು ಅಂಗಡಿಗೆ ಬಂದ ಶಾಲೆಯ ಟೀಚರಮ್ಮ, "ನೀವು ಅಲ್ಲೇ ನಿಂತು ಸುಮ್ಮನೆ ನೋಡಿದ್ರಲ್ಲ, ಅದೂ ತಪ್ಪೇ. ಒಬ್ಬ ಮನುಷ್ಯನಿಗೆ ಎಷ್ಟು ಅವಮಾನ ಅದು" ಎಂದರು. ಇಬ್ಬರಿಗೂ ನಾನು ಹೌದೆಂದೆ. ಇಬ್ಬರ ಮಾತೂ ನನಗೆ ಅರ್ಥವಾಗುತ್ತಿತ್ತು. ಆದರೆ ಇಬ್ಬರೂ ಬಿಸಿಲಿನಲ್ಲಿ ನಿಂತವರಲ್ಲ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಡಾಂಬರಿನ ಮೇಲೆ ನಿಂತು, ಬರುವ ಪ್ರತಿಯೊಂದು ಗಾಡಿಗೂ ಕೈ ಅಡ್ಡ ಮಾಡಲೋ ಬೇಡವೋ ಎಂದು ಅರೆಗಳಿಗೆಯಲ್ಲಿ ತೀರ್ಮಾನ ಮಾಡುವವಳಿಗೆ ಯಾವ ವಾದವೂ ಸಾಕಾಗುವುದಿಲ್ಲ, ಸುಸ್ತು ಮಾತ್ರ ಆಗುತ್ತದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಗಡ್ಡ, ಬಟ್ಟೆ ಎಲ್ಲ ಆಮೇಲಿನದು. ನಮ್ಮ ಕಡೆಯ ತಪಾಸಣೆ ಬೇರೆಯೇ. ಯಾರೇ ಬಂದರೂ ನಾವು ಕೇಳುವ ಮೊದಲ ಮಾತು "ಯಾವೂರು? ಯಾರ ಮನೆ?" ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಹಾಗೇ ಕೇಳುತ್ತೇವೆ, ಮದುವೆ ಮನೆಯಲ್ಲೂ ಹಾಗೇ. ಕೆಟ್ಟ ಮನಸ್ಸಿನಿಂದ ಅಲ್ಲ. ಮನೆಯ ಹೆಸರು ಹೇಳಿದರೆ ಅಜ್ಜನವರೆಗೂ ಗೊತ್ತಾಗುತ್ತದೆ, ಮಾತು ಮುಂದುವರಿಯುತ್ತದೆ, ಕಾಫಿಗೆ ಕರೆಯುವಷ್ಟು ಬಳಕೆ ಅಲ್ಲೇ ಹುಟ್ಟುತ್ತದೆ. ಚೆಕ್‌ಪೋಸ್ಟಿನಲ್ಲೂ ನಾವು ಕೇಳುತ್ತಿದ್ದುದು ಇದನ್ನೇ. ಮನೆ ಹೇಳಿದವನು ಹೋದ. ಹೇಳಲು ಮನೆ ಇಲ್ಲದವನು ಗಾಡಿಯಿಂದ ಇಳಿದ. ಇದನ್ನು ತಪಾಸಣೆ ಎಂದು ಯಾರೂ ಕರೆಯುತ್ತಿರಲಿಲ್ಲ, ನಾನಂತೂ ಕರೆದಿರಲಿಲ್ಲ.

ಪಾಠ ಮುಗಿದ ಮಾರನೆಯ ದಿನದಿಂದ ಹೊಸ ನಿಯಮ ಬಂತು. ಯಾರ ಮುಖವನ್ನೂ ನೋಡುವುದೇ ಬೇಡ, ಎಣಿಸಿ. ಪ್ರತಿ ಐದನೇ ಗಾಡಿಯನ್ನು ನಿಲ್ಲಿಸಿ ಪೂರ್ತಿ ನೋಡಿ, ಅದು ಮಂತ್ರಿಯದೇ ಆಗಲಿ ಕೂಲಿಯವನದೇ ಆಗಲಿ. ಜೊತೆಗೆ ಇನ್ನೊಂದು: ವಿಡಿಯೊ ತೆಗೆಯುವವನು ಇಲ್ಲದೆ ಯಾರ ಡಿಕ್ಕಿಯನ್ನೂ ತೆಗೆಸಬಾರದು, ಯಾರ ಚೀಲವನ್ನೂ ಮುಟ್ಟಬಾರದು. ಜನರಿಗೆ ಅನ್ಯಾಯವಾಗಬಾರದೆಂದೇ ಮಾಡಿದ ನಿಯಮಗಳು. ಕೇಳಿದಾಗ ನನಗೂ ಹಾಯೆನಿಸಿತು. ಎಣಿಸುವುದಕ್ಕೇನು, ಗುಂಡಿ ಎಣಿಸಿ ಹೊಲಿಯುವವಳು ನಾನು. ಬಲಗಡೆ ಜೇಬಿನಲ್ಲಿ ಐದು ಒಣ ಅಡಿಕೆ ಹಾಕಿಕೊಂಡೆ. ಗಾಡಿ ಒಂದು ದಾಟಿದರೆ ಒಂದು ಅಡಿಕೆ ಎಡಗಡೆ ಜೇಬಿಗೆ. ಐದನೆಯದು ಕೈಗೆ ಬಂದಾಗ ಬರುವ ಗಾಡಿಗೆ ಕೈ ಅಡ್ಡ.

ಮೊದಲನೇ ದಿನ ಅರ್ಧ ಗಂಟೆ ಸರಿಯಾಗಿ ನಡೆಯಿತು. ಆಮೇಲೆ ಡಾಕ್ಟರ ಕಾರು ಬಂತು. ನನ್ನ ಗಂಡನ ಎದೆನೋವಿಗೆ ಊಟ ಬಿಟ್ಟು ಎದ್ದು ಬಂದವರು ಅವರು. ಅವರನ್ನು ನಿಲ್ಲಿಸುವುದು ಹೇಗೆ? ನಿಲ್ಲಿಸುವುದಿರಲಿ, ಎಣಿಸುವುದು ಹೇಗೆ? ಎಣಿಸಿದರೆ ನಿಲ್ಲಿಸಬಹುದು ಎಂದು ಮನಸ್ಸಿನಲ್ಲಿ ಅಂದುಕೊಂಡ ಹಾಗಾಯಿತಲ್ಲ. "ಅವರನ್ನ ಎಣಿಸ್ಬೇಡಿ ಅಕ್ಕ, ನಮ್ಮ ಡಾಕ್ಟ್ರು" ಎಂದ ಪೇದೆ. ನಾನು ಆಗಲೇ ಜೇಬಿನಿಂದ ಕೈ ಹೊರಗೆ ತೆಗೆದಿದ್ದೆ. ಆಮೇಲೆ ಹಾಲಿನ ಗಾಡಿಯವನು, ದಿನಾ ಕಾಣುವವನು, ಎಣಿಸಲಿಲ್ಲ. ಟೀಚರಮ್ಮನ ಸ್ಕೂಟಿ, ಎಣಿಸಲಿಲ್ಲ. ಒಬ್ಬರು ಸಾವಿನ ಮನೆಗೆ ಹೊರಟಿದ್ದರು, ಎಣಿಸಿದರೆ ಪಾಪ ಬರುತ್ತದೆ. ಲಂಚವಿಲ್ಲ, ಹೆದರಿಕೆಯಿಲ್ಲ, ಬರೀ ದಾಕ್ಷಿಣ್ಯ. ನಾಳೆ ಬೆಳಗಾದರೆ ಮುಖ ಮುಖ ನೋಡಬೇಕಾದವರು. ಒಂದು ವಾರ ಕಳೆದ ಮೇಲೆ ರಿಜಿಸ್ಟರು ತಿರುವಿ ನೋಡಿದರೆ ನಿಲ್ಲಿಸಿದ ಗಾಡಿಗಳಲ್ಲಿ ನಮ್ಮೂರಿನದು ಒಂದೂ ಇಲ್ಲ. ಶೃಂಗೇರಿ ನೋಡಿ ವಾಪಸಾಗುವ ಪ್ರವಾಸಿಗಳು, ಬಟ್ಟೆ ಮಾರುವವರು, ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರು. ಎಲ್ಲರೂ ಐದನೆಯವರೇ! ನಾವು ಯಾರ ಮುಖವನ್ನೂ ನೋಡಿರಲಿಲ್ಲ.

ಇದನ್ನು ಕಂಡು ಹಿಡಿದವರು ನಮ್ಮ ಪೋಸ್ಟಿನ ಮುಖ್ಯಸ್ಥರು. ಬಯಲುಸೀಮೆಯಿಂದ ವರ್ಗವಾಗಿ ಬಂದ ಇಂಜಿನಿಯರು. ಕೆಟ್ಟವರೇನಲ್ಲ. ಮನೆ ಮಠ ಬಿಟ್ಟು ಬಂದು, ನಮ್ಮ ಊಟ ಹಿಡಿಸದೆ, ದೂರು ಬಂದರೆ ಅಮಾನತು ಎಂಬ ಭಯದಲ್ಲೇ ಜೀಪಿನೊಳಗೆ ಕೂತಿರುತ್ತಿದ್ದರು. ರಿಜಿಸ್ಟರು ಮುಚ್ಚಿ ನನ್ನನ್ನು ಕರೆದರು. "ಏನಮ್ಮಾ, ನಿಮ್ಮೂರ ಗಾಡಿಗಳಿಗೆ ಐದನೇ ನಂಬರ್ ಬರೋದೇ ಇಲ್ವಾ? ಪರಿಚಯದವರಿಗೆಲ್ಲ ನೀವೇ ಲಾಯರ್. ನಾಳೆಯಿಂದ ನಾನೇ ಪಕ್ಕದಲ್ಲಿ ನಿಲ್ತೀನಿ" ಎಂದರು. ಪೇದೆಯ ಎದುರಿಗೇ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅಷ್ಟು ಸಿಟ್ಟು.

ಇಲ್ಲಿ ಆ ಹುಡುಗಿಯ ವಿಷಯ ಹೇಳಬೇಕು. ಅವಳ ಅಪ್ಪ ಅಸ್ಸಾಮಿನ ಕಡೆಯವನು, ಕಮ್ಮರಡಿಗೆ ಬಂದು ಹತ್ತು ವರ್ಷ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ತೆಗೆಯುವವನು. ನಮ್ಮವರಲ್ಲಿ ಮರ ಹತ್ತುವವರೇ ಇಲ್ಲದ ಕಾಲದಲ್ಲಿ ಅವನಿಗೆ ಎಷ್ಟು ಬೇಡಿಕೆ ಎಂದರೆ, ಕೊಯ್ಲಿನ ಹೊತ್ತಿಗೆ ತೋಟದವರು ಬೆಳಗಾಗುವ ಮೊದಲೇ ಅವನಿಗೆ ಫೋನು ಹಚ್ಚುತ್ತಿದ್ದರು. ಕನ್ನಡ ನಮ್ಮ ಹಾಗೇ ಆಡುತ್ತಾನೆ, "ಎಂತ ಅಕ್ಕ, ಆರಾಮಾ" ಎನ್ನುತ್ತಾನೆ. ಒಬ್ಬ ದೊಡ್ಡ ಯಜಮಾನರ ತೋಟದಂಚಿನ ಎರಡು ಕೋಣೆಯಲ್ಲಿ ಸಂಸಾರ. ಮಗಳು ಒಂದನೇ ಕ್ಲಾಸಿನಿಂದ ಇಲ್ಲೇ ಓದಿದವಳು. ಅವಳ ಯೂನಿಫಾರಂ ಪ್ರತಿ ವರ್ಷ ಹೊಲಿದವಳು ನಾನೇ. ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. "ಉಸಿರು ಬಿಡೇ ಹುಡ್ಗಿ, ಇಲ್ಲದಿದ್ರೆ ಅಂಗಿ ಬಿಗಿಯಾಗ್ತದೆ" ಎಂದು ಗದರುತ್ತಿದ್ದೆ. ಆ ವರ್ಷ ಅವಳು ಎಸ್ಸೆಸ್ಸೆಲ್ಸಿ, ಪರೀಕ್ಷಾ ಕೇಂದ್ರ ಕೊಪ್ಪದಲ್ಲಿ. ಅವಳ ಮನೆತನದಲ್ಲೇ ಅಲ್ಲಿಯವರೆಗೆ ಬಂದವರು ಯಾರೂ ಇಲ್ಲ. ಗಣಿತದಲ್ಲಿ ಚುರುಕು. ಕೊಪ್ಪದಲ್ಲಿ ಸೈನ್ಸ್ ಸೇರುತ್ತೇನೆ ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ್ದಳು. ನಾನೇ ಅವಳಿಗೆ ಬರೆಯಲು ಒಂದು ಪೆನ್ನು ಕೊಟ್ಟಿದ್ದೆ.

ಗಣಿತದ ಪರೀಕ್ಷೆಯ ದಿನ ಬೆಳಿಗ್ಗೆ ಇಂಜಿನಿಯರು ಹೇಳಿದ ಹಾಗೆಯೇ ನನ್ನ ಪಕ್ಕ ಬಂದು ನಿಂತರು. ಒಂಬತ್ತೂವರೆಯ ಹೊತ್ತು. ನಾಲ್ಕು ಅಡಿಕೆ ಎಡಗಡೆ ಜೇಬಿನಲ್ಲಿದ್ದವು. ಐದನೆಯದನ್ನು ಬೆರಳಲ್ಲಿ ಹಿಡಿದು ರಸ್ತೆ ನೋಡಿದೆ. ತಿರುವಿನಲ್ಲಿ ಬಂದದ್ದು ಯಜಮಾನರ ಕಾರು. ಅದೇ, ಹುಡುಗಿಯ ಅಪ್ಪ ಕೆಲಸ ಮಾಡುವ ತೋಟದವರು. ನನ್ನ ಅಂಗಡಿ ಇರುವುದೂ ಅವರದೇ ಕಟ್ಟಡದಲ್ಲಿ. ಅವರ ಮನೆಯ ಮೂರು ಮದುವೆಗೆ ರವಿಕೆ ಹೊಲಿದಿದ್ದೇನೆ. ಅವರು ಗಾಜು ಇಳಿಸಿ, "ಏನಮ್ಮಾ, ಬಿಸ್ಲು ಜೋರಲ್ದಾ" ಎಂದರು. ನನ್ನ ಕೈ ಅಡ್ಡ ಹೋಗಲಿಲ್ಲ. ಸುಮ್ಮನೆ ನಕ್ಕೆ. ಕಾರು ದಾಟಿತು.

"ಐದನೇದು ಯಾವುದು?" ಎಂದರು ಇಂಜಿನಿಯರು.

ಕಾರಿನ ಹಿಂದೆಯೇ ಒಂದು ಹಳೆಯ ಸ್ಕೂಟರು ಬರುತ್ತಿತ್ತು. ಯಾರದೆಂದು ನನಗೆ ದೂರದಿಂದಲೇ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಯೂನಿಫಾರಂ, ಎರಡು ಜಡೆ. ನಾನೇ ಹೊಲಿದ ಅಂಗಿ.

"ಇದು ಸಾರ್" ಎಂದೆ.

ಅಷ್ಟೇ ನಾನು ಮಾಡಿದ್ದು. ಒಂದು ಮಾತು. ಅವತ್ತಿಂದ ಎಷ್ಟೋ ಸಲ ಆ ಮಾತನ್ನು ಬಾಯಿಂದ ವಾಪಸು ಎಳೆದುಕೊಳ್ಳಲು ನೋಡಿದ್ದೇನೆ. ಪರಿಚಯದವರನ್ನು ಬಿಡುತ್ತೀರಿ ಎಂದಿದ್ದರಲ್ಲ, ನೋಡಿ ಸ್ವಾಮಿ, ಪರಿಚಯದವನನ್ನೇ ನಿಲ್ಲಿಸಿದೆ ಎಂದು ತೋರಿಸುವ ಹಟವೂ ಅದರಲ್ಲಿತ್ತು. ಯಾರ ಮೇಲೆ ತೋರಿಸಿದರೆ ನನಗೆ ನಾಳೆ ಏನೂ ಆಗುವುದಿಲ್ಲವೋ ಅವನ ಮೇಲೆ ತೋರಿಸಿದೆ.

ಅವನು ನಗುತ್ತಲೇ ಸ್ಕೂಟರು ಬದಿಗೆ ಹಾಕಿದ. ಹುಡುಗಿಯೂ ನನ್ನನ್ನು ನೋಡಿ ನಕ್ಕಳು. ಎರಡು ನಿಮಿಷದ ಕೆಲಸ ಎಂದೇ ಮೂವರೂ ಅಂದುಕೊಂಡಿದ್ದೆವು. ಆದರೆ ವಿಡಿಯೊದವನು ಇರಲಿಲ್ಲ. ಕ್ಯಾಮೆರಾದ ಚಾರ್ಜು ಮುಗಿದು, ಹಾಕಿಕೊಂಡು ಬರುತ್ತೇನೆಂದು ಕಮ್ಮರಡಿಯ ಹೋಟೆಲಿಗೆ ಹೋದವನು ಅಲ್ಲೇ ತಿಂಡಿಗೆ ಕೂತಿದ್ದ. ಫೋನು ಮಾಡಿದರೆ, "ಬಂದೆ ಬಂದೆ" ಎಂದ. ಇಂಜಿನಿಯರು, "ಕ್ಯಾಮೆರಾ ಇಲ್ದೆ ಮುಟ್ಟೋ ಹಾಗಿಲ್ಲ. ಇವರ ಒಳ್ಳೇದಕ್ಕೇ ಇರೋ ರೂಲ್ಸು" ಎಂದು ಜೀಪಿನ ನೆರಳಿಗೆ ಹೋದರು.

ಹತ್ತು ನಿಮಿಷ ಕಳೆಯಿತು. "ಅಕ್ಕ, ಹತ್ತೂವರೆ ಮೇಲೆ ಗೇಟು ಹಾಕ್ತಾರೆ" ಎಂದಳು ಹುಡುಗಿ. "ಐದು ನಿಮಿಷ ಮಗಾ" ಎಂದೆ. ಇನ್ನೂ ಹತ್ತು ನಿಮಿಷ. ನಮ್ಮ ಪೇದೆ ತಾನಾಗಿಯೇ ಇಂಜಿನಿಯರ ಹತ್ತಿರ ಹೋದ. "ಬಿಟ್ಬಿಡಿ ಸಾರ್, ಪರೀಕ್ಷೆ ಹುಡುಗಿ. ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದ. ಇಂಜಿನಿಯರು ಬಿಸಿಯಾದರು. "ಮುಖ ನೋಡಿ ಹೇಳ್ಬಾರ್ದು ಅಂತ ತಾನೆ ನಿಮಗೆ ಹೇಳಿಕೊಟ್ಟಿದ್ದು? ಹಿಂದೆ ಒಂದು ವಿಡಿಯೊ ಆಗಿದ್ದು ಸಾಲ್ದಾ?" ಎಂದರು. ಪೇದೆ ವಾಪಸು ಬಂದ. ಮೇಷ್ಟ್ರ ಮುಖಕ್ಕೆ ಹಾಗೆ ಹೇಳಿದವನು ಇವನೇ, ಈ ಹುಡುಗಿಗೋಸ್ಕರ ಮೊದಲು ಬಾಯಿ ತೆರೆದವನೂ ಇವನೇ. ಇದನ್ನು ನಾನು ಟೀಚರಮ್ಮನಿಗೂ ಹೇಳಿದೆ, ಗಂಡನಿಗೂ ಹೇಳಿದೆ. ಇಬ್ಬರಿಗೂ ಇದನ್ನು ತಮ್ಮ ವಾದದಲ್ಲಿ ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ.

ನಾನೂ ಒಂದು ಸಲ ಹೋಗಿ ಕೇಳಿದೆ. "ಸಾರ್, ಹುಡುಗಿನ ಬೇರೆ ಗಾಡಿ ಹತ್ತಿಸಿ ಕಳಿಸ್ಲಾ? ಅವಳಪ್ಪ ಇಲ್ಲೇ ಇರ್ತಾನೆ." ಅವರು, "ಅವಳ ಬ್ಯಾಗೂ ನೋಡ್ಬೇಕಲ್ಲಮ್ಮಾ. ನೋಡ್ದೆ ಕಳಿಸಿ ಆಮೇಲೆ ಇನ್ನೊಂದು ಮಾತು ಯಾಕೆ" ಎಂದರು. ಎರಡನೇ ಸಲ ಕೇಳಬೇಕಿತ್ತು. ಐದನೇದು ಇದಲ್ಲ ಸಾರ್, ಮುಂದೆ ಹೋದ ಕಾರು ಎನ್ನಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದರೆ ರಿಜಿಸ್ಟರಿನ ಹಿಂದಿನ ಪುಟಗಳೆಲ್ಲ ಬಿಚ್ಚಿಕೊಳ್ಳುತ್ತವೆ, ಯಜಮಾನರನ್ನು ಫೋನು ಮಾಡಿ ವಾಪಸು ಕರೆಸುತ್ತಾರೆ, ಅಂಗಡಿಯ ಬಾಗಿಲು ತೆಗೆಯಲು ನಾಳೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದುಕೊಂಡೆ. ಹೇಳಲಿಲ್ಲ. ನನ್ನ ಕಣ್ಣೆದುರಿಗೇ ಹತ್ತಾರು ಗಾಡಿಗಳು ಕೊಪ್ಪದ ಕಡೆಗೆ ಹೋದವು.

ಕ್ಯಾಮೆರಾ ಬಂದಾಗ ಹತ್ತು ದಾಟಿತ್ತು. ಡಿಕ್ಕಿ ತೆಗೆದರೆ ಗೋಣಿಚೀಲ ಸುತ್ತಿದ ಒಂದು ಕತ್ತಿ. ಕೊನೆ ಕೊಯ್ಯುವ ಕತ್ತಿ. ನಮ್ಮ ಕಡೆ ಯಾವ ಜೀಪಿನ ಸೀಟಿನ ಕೆಳಗೆ ಕೈ ಹಾಕಿದರೂ ಇಂಥದ್ದೊಂದು ಸಿಗುತ್ತದೆ. ಇಂಜಿನಿಯರು ಹಿಂದೆ ಸರಿದರು. "ಇದೇನಿದು, ಆಯುಧ?" "ಸಾರ್, ಅಡಿಕೆ ಕೊನೆ ಕೊಯ್ಯೋದು" ಎಂದ ಅವನು. "ಯಾರ ಮನೆ ನಿಂದು?" ಎಂದು ಇಂಜಿನಿಯರು ಕೇಳಿದರು. ನಮ್ಮ ಪ್ರಶ್ನೆಯನ್ನು ಅವರೂ ಕಲಿತಿದ್ದರು. ಅವನು ಯಜಮಾನರ ಮನೆಯ ಹೆಸರು ಹೇಳಿದ. "ಅದು ನಿನ್ನ ಮನೆಯಾ? ನಿನ್ನ ಊರು ಯಾವುದು ಹೇಳು." ಆಧಾರ್ ತೋರಿಸಿದ. ಅದರಲ್ಲಿ ಅಸ್ಸಾಮು. ಮೇಲಿನವರಿಗೆ ಫೋನು, ಅವರು ಎತ್ತಲಿಲ್ಲ, ಮತ್ತೆ ಫೋನು. ಕೊನೆಗೆ ನಾನೂ ಪೇದೆಯೂ ಒಟ್ಟಿಗೇ ಬಾಯಿ ಮಾಡಿದೆವು, "ಸಾರ್, ಇದು ಕೆಲಸದ ಕತ್ತಿ, ನಾವು ಬೇಕಾದ್ರೆ ಬರೆದು ಕೊಡ್ತೀವಿ." ಅಷ್ಟು ಜೋರಾಗಿ ಮಾತಾಡಲು ನನಗೆ ಅರ್ಧ ಗಂಟೆಯ ಮೇಲೆ ಬೇಕಾಯಿತು.

ಹುಡುಗಿಯ ಚೀಲ ನೋಡುವುದು ನನ್ನ ಕೆಲಸ. ಕ್ಯಾಮೆರಾದ ಎದುರಿಗೆ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟೆ. ಜಾಮಿಟ್ರಿ ಬಾಕ್ಸು, ನೀರಿನ ಬಾಟಲಿ, ಹಾಲ್ ಟಿಕೆಟ್ಟು, ನಾನು ಕೊಟ್ಟ ಪೆನ್ನು. ಅವಳು ಅಳಲಿಲ್ಲ. ನನ್ನ ಕೈಗಡಿಯಾರವನ್ನೇ ನೋಡುತ್ತಿದ್ದಳು. "ಆಯ್ತು, ಹೋಗಿ" ಎಂದಾಗ ಹತ್ತೂ ಇಪ್ಪತ್ತೈದು. ಅವಳು ಸಾಮಾನನ್ನೆಲ್ಲ ಒಟ್ಟಿಗೇ ಚೀಲಕ್ಕೆ ತುರುಕಿಕೊಂಡು ಓಡಿದಳು. ಸ್ಕೂಟರು ಹೋದ ವೇಗ ನೋಡಿ, ಎಲ್ಲಾದರೂ ಬಿದ್ದುಗಿದ್ದರೆ ಏನಪ್ಪಾ ಗತಿ ಎಂದುಕೊಂಡೆ.

ಬೀಳಲಿಲ್ಲ. ಗೇಟು ಹಾಕಿತ್ತು. ಒಳಗಿದ್ದವರಿಗೂ ನಿಯಮ ಇತ್ತು, ಅವರೂ ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ. ಅಪ್ಪ ಮಗಳು ಹನ್ನೊಂದೂವರೆಗೆ ನಮ್ಮ ಪೋಸ್ಟಿನ ಮುಂದೆಯೇ ವಾಪಸು ಬಂದರು. ಆ ಕಡೆಯಿಂದ ಬರುವ ಗಾಡಿಗಳನ್ನು ನಾವು ನಿಲ್ಲಿಸುತ್ತಿರಲಿಲ್ಲ. ಅವನು ಆದರೂ ವೇಗ ತಗ್ಗಿಸಿದ, ನಿಲ್ಲಿಸಬೇಕೇನೋ ಎಂದು ನಮ್ಮನ್ನು ನೋಡಿದ. ಪೇದೆ ಹೋಗೆಂದು ಕೈ ಮಾಡಿದ. ನಾನು ಶಾಮಿಯಾನದ ಕಂಬದ ಹಿಂದೆ ನಿಂತಿದ್ದೆ.

ಆ ಭಾನುವಾರ ಅವರ ಮನೆಗೆ ಹೋದೆ. ಹೋಗದಿದ್ದರೆ ಉಂಡ ಅನ್ನ ಇಳಿಯುತ್ತಿರಲಿಲ್ಲ. ಅವನ ಹೆಂಡತಿ ಚಹಾ ಕೊಟ್ಟಳು, ಬಿಸ್ಕತ್ತು ಇಟ್ಟಳು, ಕುರ್ಚಿ ಇದ್ದದ್ದು ಒಂದೇ, ಅದರಲ್ಲಿ ನನ್ನನ್ನು ಕೂರಿಸಿದರು. ನಾನು ಸುತ್ತಿ ಬಳಸದೆ ಹೇಳಿದೆ, "ಅವತ್ತು ಐದನೇದು ನಿಮ್ಮ ಗಾಡಿ ಅಲ್ಲ. ಮುಂದೆ ಹೋದ ಕಾರು. ನಾನೇ ಸುಳ್ಳು ಹೇಳಿದ್ದು."

ಅವನು ಸಿಟ್ಟಾಗುತ್ತಾನೆ, ಬೈಯುತ್ತಾನೆ, ಬೈದರೆ ಬೈಸಿಕೊಂಡು ಹಗುರವಾಗಿ ಬರೋಣ ಎಂದುಕೊಂಡು ಹೋಗಿದ್ದೆ. ಅವನು ನೆಲದ ಮೇಲೆ ಕೂತವನು ತಲೆ ಅಲ್ಲಾಡಿಸಿದ. "ಗೊತ್ತು ಅಕ್ಕ. ನಾನು ಹಿಂದೇನೇ ಇದ್ನಲ್ಲ. ನೀವು ಜೇಬಲ್ಲಿ ಅಡಿಕೆ ಎಣಿಸೋದು ನಮಗೆಲ್ಲ ಗೊತ್ತು. ಯಜಮಾನ್ರನ್ನ ನಿಲ್ಸಕ್ಕಾಗ್ತದಾ? ನಾನಾಗಿದ್ರೂ ಹಂಗೇ ಮಾಡ್ತಿದ್ದೆ. ಮನಸ್ಸಿಗೆ ಹಚ್ಕೋಬೇಡಿ. ತಪ್ಪಿದವರಿಗೆ ಇನ್ನೊಂದು ಪರೀಕ್ಷೆ ಇದೆಯಂತೆ, ಅದರಲ್ಲಿ ಬರೀತಾಳೆ." ಹುಡುಗಿ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಕರೆಯಲು ನನಗೆ ಧೈರ್ಯವಾಗಲಿಲ್ಲ. ಚಹಾ ಕುಡಿದು ಎದ್ದು ಬಂದೆ, ಹೋದಾಗ ಇದ್ದಷ್ಟೇ ಭಾರ ಹೊತ್ತು.

ಇಂಜಿನಿಯರಿಗೂ ಹೇಳಿದೆ. ಬರೆದು ಕೊಡುತ್ತೇನೆ ಎಂದೆ. ಅವರು, "ಈಗ ಬರೆದು ಯಾರಿಗೆ ಏನಾಗಬೇಕಾಗಿದೆ? ನನಗೂ ಮಗಳಿದಾಳೆ ಕಣಮ್ಮಾ" ಎಂದರು. ರಿಜಿಸ್ಟರಿನಲ್ಲಿ ಆ ದಿನದ ಸಾಲು ಹಾಗೇ ಇದೆ: ಕ್ರಮ ಪ್ರಕಾರ ಐದನೇ ವಾಹನ, ತಪಾಸಣೆ ಮಾಡಲಾಗಿದೆ, ಆಕ್ಷೇಪಾರ್ಹ ವಸ್ತು ಇಲ್ಲ. ಮೇಲಿನವರಿಂದ ನಮ್ಮ ಪೋಸ್ಟಿಗೆ ಮೆಚ್ಚುಗೆಯ ಮಾತೂ ಬಂತು, ಈಗ ಯಾವ ದೂರೂ ಇಲ್ಲ ಎಂದು. ಮನೆಯಲ್ಲಿ ಗಂಡ ಟೀವಿಗೆ ಉತ್ತರ ಕೊಡುತ್ತಲೇ ಇದ್ದರು. ಟೀಚರಮ್ಮ ಬಂದಾಗ ನಿಯಮ ಬದಲಾದದ್ದು ಒಳ್ಳೆಯದಾಯಿತು ಎಂದರು. ನಾನು ಅವರ ರವಿಕೆಯ ಕೊಕ್ಕೆ ಹಾಕುತ್ತಾ ಹೂಂಗುಟ್ಟಿದೆ. ಸಾಕಾಗಿಹೋಗಿತ್ತು ನನಗೆ.

ಚುನಾವಣೆ ಮುಗಿಯಿತು, ಅಡ್ಡಗಟ್ಟು ಎತ್ತಿದರು, ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಏಳು ಗಂಟೆಗೆ ಅಂಗಡಿ ತೆಗೆಯುವ ಮೊದಲು ಕೊಪ್ಪದ ಬಸ್ಸಿಗೆ ಒಂದು ಬಟ್ಟೆಯ ಗಂಟು ಕೊಟ್ಟು ಕಳಿಸಲೆಂದು ನಿಲ್ದಾಣಕ್ಕೆ ಹೋದೆ. ಕಲ್ಲುಬೆಂಚಿನ ಮೇಲೆ ಆ ಹುಡುಗಿ ಒಬ್ಬಳೇ ಕೂತಿದ್ದಳು. ಯೂನಿಫಾರಂ, ಒದ್ದೆ ಕೊಡೆ, ತೊಡೆಯ ಮೇಲೆ ಚೀಲ. ಅವತ್ತು ಎರಡನೇ ಪರೀಕ್ಷೆಯ ಗಣಿತ ಎಂದು ನನಗೆ ಆಗ ಹೊಳೆಯಿತು. ಗೇಟು ಹಾಕಲು ಇನ್ನೂ ಮೂರೂವರೆ ಗಂಟೆಯಿತ್ತು. ನಾನು ಮನೆಯ ಸೀರೆಯಲ್ಲಿದ್ದೆ, ಕಾಲಿಗೆ ಹವಾಯಿ ಚಪ್ಪಲಿ.

ನನ್ನನ್ನು ಕಂಡ ಕೂಡಲೇ ಅವಳು ಎದ್ದು ನಿಂತಳು. ಬೈಯುವುದಕ್ಕಲ್ಲ, ನಮಸ್ಕಾರಕ್ಕೂ ಅಲ್ಲ. ಚೀಲವನ್ನು ಬೆಂಚಿನ ಮೇಲಿಟ್ಟು ಜಿಪ್ ಪೂರ್ತಿ ತೆಗೆದು ನನ್ನ ಕಡೆ ತಿರುಗಿಸಿದಳು.

"ಇವತ್ತು ಡ್ಯೂಟಿ ಇಲ್ಲ ಮಗಾ" ಎಂದೆ.

"ಇರ್ಲಿ ಅಕ್ಕ, ಈಗ್ಲೇ ನೋಡ್ಬಿಡಿ. ಆಮೇಲೆ ಲೇಟಾಗ್ತದೆ" ಎಂದಳು.

ಅವಳ ಧ್ವನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಚ್ಚಿಕೋ ಎಂದು ಎರಡು ಸಲ ಹೇಳಿದೆ. ಅವಳು ಮುಚ್ಚಲಿಲ್ಲ, ರಸ್ತೆಯ ಕಡೆ ನೋಡುತ್ತಾ ಕೈಕಟ್ಟಿ ನಿಂತೇ ಇದ್ದಳು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ನಾನು ಬಗ್ಗಿ ಅವಳ ಚೀಲದೊಳಗೆ ನೋಡಿದೆ. ನೋಡಿ, "ಆಯ್ತು, ಹೋಗಿ" ಎಂದೆ. ಆಗ ಅವಳು ಜಿಪ್ ಎಳೆದುಕೊಂಡು ಬಸ್ಸು ಹತ್ತಿದಳು.